ತ್ರಿಕೋನವಲ್ಲದ ತ್ರಿಕೋನ

ಸೈಕಲ್ಲಿನ ಚೌಕಟ್ಟು ಏಕೆ ಗಟ್ಟಿ? ಈ ಪ್ರಶ್ನೆಯನ್ನು ನೀವು ಎಂದಾದರೂ ತರಗತಿಯಲ್ಲಿ ಕೇಳಿದ್ದರೆ ಬರುವ ಉತ್ತರ ನಿಮಗೆ ಗೊತ್ತೇ ಇರುತ್ತದೆ: ಅದು ತ್ರಿಕೋನ, ಅದಕ್ಕೇ ಗಟ್ಟಿ. ನಾನೂ ಇಪ್ಪತ್ತೇಳು ವರ್ಷ ಹೀಗೆಯೇ ಹೇಳಿಕೊಟ್ಟಿದ್ದೇನೆ. ಮೂರು ಐಸ್‌ಕ್ರೀಂ ಕಡ್ಡಿಗಳ ತುದಿಗಳಿಗೆ ಗುಂಡುಸೂಜಿ ಚುಚ್ಚಿ ತ್ರಿಕೋನ ಮಾಡಿ. ಅದನ್ನು ಎಷ್ಟು ಅದುಮಿದರೂ ಆಕಾರ ಬದಲಾಗದು. ಅದೇ ನಾಲ್ಕು ಕಡ್ಡಿಗಳ ಚೌಕವನ್ನು ಬೆರಳಿನಿಂದ ತಳ್ಳಿದರೆ ಸಾಕು, ವಾಲಿ ಮಲಗಿಬಿಡುತ್ತದೆ. ಮಕ್ಕಳು ನಗುತ್ತಾರೆ, ಪಾಠ ಮುಗಿಯುತ್ತದೆ. ಒಳ್ಳೆಯ ಪ್ರಯೋಗವೇ. ಆದರೆ ಅದು ಸೈಕಲ್ಲಿಗೆ ಅನ್ವಯಿಸುವುದು ಅರ್ಧ ಮಾತ್ರ ಎಂಬುದು ಇತ್ತೀಚೆಗಷ್ಟೇ ನನಗೆ ಮನದಟ್ಟಾಯಿತು.

ಸೋಲದೇವನಹಳ್ಳಿಯ ನಮ್ಮ ಮನೆಗೆ ಒಂದು ಸಂಜೆ ಇಬ್ಬರು ಹಳೆಯ ವಿದ್ಯಾರ್ಥಿಗಳು ಬಂದರು. ಪಿ.ಯು.ಸಿ.ಯಲ್ಲಿ ನನ್ನ ಬಳಿ ಭೌತವಿಜ್ಞಾನ ಓದಿದ್ದವರು, ಈಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾರೆ. ಗೋಣಿಚೀಲದಲ್ಲಿ ಸುತ್ತಿ ತಂದಿದ್ದುದು ಒಂದು ಬಿಎಂಎಕ್ಸ್ ಸೈಕಲ್ಲಿನ ಚೌಕಟ್ಟು. 20 ಅಂಗುಲದ ಚಕ್ರ, ಗಿಡ್ಡ ಮೈ, ಗೇರಿಲ್ಲ, ಸಸ್ಪೆನ್ಷನ್ ಇಲ್ಲ. ದಿಬ್ಬದಿಂದ ಹಾರಿ ನೆಲಕ್ಕಿಳಿಯಲೆಂದೇ ಮಾಡಿದ ಸೈಕಲ್ಲು. ಅಂಗಡಿಯದಲ್ಲ, ಇವರೇ ಕಟ್ಟಿದ್ದು. ಹೆಸರಘಟ್ಟ ರಸ್ತೆಯ ಬದಿಯಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ಒಂದು ಷೆಡ್ಡಿನಲ್ಲಿ ಭಾನುವಾರಗಳಂದು ಜಾಗ ಕೇಳಿ, ಕುರ್ಚಿ ಮೇಜುಗಳಿಗೆ ಬಳಸುವ ಕೊಳವೆಯನ್ನು ಕೊಯ್ದು ಬೆಸೆದದ್ದು. ನಾಲ್ಕು ತಿಂಗಳು ಓಡಿಸಿದ್ದಾರೆ. ಈಗ ಮುಂಭಾಗದಲ್ಲಿ, ಕೆಳಕೊಳವೆ ಹೆಡ್ ಟ್ಯೂಬನ್ನು ಸೇರುವೆಡೆ, ಬೆಸುಗೆಯ ಅಂಚಿನಗುಂಟ, ಅಡಿಭಾಗದಲ್ಲಿ ಒಂದು ಕೂದಲೆಳೆಯ ಗೆರೆ. ಬಣ್ಣ ಸೀಳಿ ತುಕ್ಕಿನ ಕಂದು ಇಣುಕುತ್ತಿತ್ತು.

"ಸಾರ್, ತ್ರಿಕೋನ ಗಟ್ಟಿ ಅಂತ ನೀವೇ ಹೇಳಿಕೊಟ್ಟಿದ್ರಲ್ಲ?" ಎಂದ ಒಬ್ಬ. ಇನ್ನೊಬ್ಬನದು ಬೇರೆ ಚಿಂತೆ: "ಮೇಲೆ ಇನ್ನೊಂದ್ಸಲ ವೆಲ್ಡಿಂಗ್ ಹೊಡೆಸಿದ್ರೆ ಆಗಲ್ವಾ ಸಾರ್? ಶನಿವಾರ ಓಡಿಸ್ಬೇಕಿತ್ತು."

ಶನಿವಾರ ಓಡಿಸುವುದು ಬೇಡ ಎಂದೆ. ಮುಖ ಚಿಕ್ಕದಾಯಿತು. ಹೆಡ್ ಟ್ಯೂಬಿನ ಬಳಿ ಚೌಕಟ್ಟು ಮುರಿದರೆ ಸವಾರನ ಕೈಯಲ್ಲಿ ಹ್ಯಾಂಡಲ್ಲು, ಮುಂಚಕ್ರ ಮಾತ್ರ ಉಳಿಯುತ್ತವೆ. ಮುಖವೇ ಮೊದಲು ನೆಲ ಮುಟ್ಟುವುದು. ಬೇರೆ ಎಲ್ಲಿ ಮುರಿದರೂ ಪೆಟ್ಟಾಗಬಹುದು, ಇಲ್ಲಿ ಮುರಿದರೆ ಹಲ್ಲು, ಕತ್ತು ಎರಡೂ ಹೋಗಬಹುದು.

ಅವರ ಚೀಲದಲ್ಲಿ ಒಂದು ಪುಸ್ತಕವೂ ಇತ್ತು. ಡೇವಿಡ್ ಗಾರ್ಡನ್ ವಿಲ್ಸನ್ ಮತ್ತು ಥಿಯೊಡೋರ್ ಷ್ಮಿಟ್ ಬರೆದ 'ಬೈಸಿಕ್ಲಿಂಗ್ ಸೈನ್ಸ್', ಎಂಐಟಿ ಪ್ರೆಸ್ 2020ರಲ್ಲಿ ತಂದ ನಾಲ್ಕನೆಯ ಆವೃತ್ತಿ. "ಇದ್ರಲ್ಲಿ ಹುಡುಕಿದ್ವಿ ಸಾರ್, ನಮ್ಮ ಬಿರುಕು ಸಿಗಲಿಲ್ಲ" ಎಂದರು. ಪುಸ್ತಕವನ್ನು ಮೂರು ವಾರ ಇಟ್ಟುಕೊಂಡು ಓದಿದೆ. ಈ ಲೇಖನ ಆ ಪುಸ್ತಕದ ವಿಮರ್ಶೆ. ಜೊತೆಗೆ, ತಪ್ಪಿಸಿಕೊಳ್ಳಲಾಗದೆ, ನನ್ನ ಹಳೆಯ ಪಾಠಗಳ ವಿಮರ್ಶೆ ಕೂಡ.

ಮೊದಲು ಪುಸ್ತಕದ ಹಿರಿಮೆಯನ್ನು ಒಪ್ಪಿಕೊಳ್ಳೋಣ. ಇದರ ಮೊದಲ ಆವೃತ್ತಿ 1974ರಲ್ಲಿ ಬಂತು, ಫ್ರಾಂಕ್ ರೋಲೆಂಡ್ ವಿಟ್ ಮತ್ತು ವಿಲ್ಸನ್ ಅವರ ಹೆಸರಿನಲ್ಲಿ. 1982ರಲ್ಲಿ ಎರಡನೆಯದು, 2004ರಲ್ಲಿ ಮೂರನೆಯದು, ಜಿಮ್ ಪಾಪಡಾಪುಲಸ್ ಅವರ ಕೊಡುಗೆಯೊಂದಿಗೆ. ವಿಲ್ಸನ್ ಎಂಐಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದವರು. ಒರಗಿ ಕುಳಿತು ತುಳಿಯುವ ಸೈಕಲ್ಲುಗಳ ವಿನ್ಯಾಸದಲ್ಲೂ ಅವರದು ದೊಡ್ಡ ಹೆಸರು. 2019ರಲ್ಲಿ ತೀರಿಕೊಂಡರು; ನಾಲ್ಕನೆಯ ಆವೃತ್ತಿ ಹೊರಬಂದಾಗ ಅವರು ಇರಲಿಲ್ಲ. ಮನುಷ್ಯನ ಸ್ನಾಯು ಎಷ್ಟು ಹೊತ್ತು ಎಷ್ಟು ವ್ಯಾಟ್ ಕೊಡಬಲ್ಲದು, ಗಾಳಿಯ ಎಳೆತ ಎಷ್ಟು ಕಸಿದುಕೊಳ್ಳುತ್ತದೆ, ಟೈರು ಉರುಳುವಾಗ ಎಷ್ಟು ನಷ್ಟ, ಬ್ರೇಕ್ ಹಿಡಿದಾಗ ಸವಾರ ಯಾವಾಗ ಮುಗ್ಗರಿಸುತ್ತಾನೆ ಇವನ್ನೆಲ್ಲ ಒಂದೆಡೆ, ಅಳತೆಗಳ ಆಧಾರದ ಮೇಲೆ ಕೊಡುವ ಇನ್ನೊಂದು ಪುಸ್ತಕ ನನಗೆ ತಿಳಿದಿಲ್ಲ. ಪಿ.ಯು.ಸಿ. ಉಪನ್ಯಾಸಕರಿಗೆ ಇದು ಲೆಕ್ಕಗಳ ಕಣಜ. ಇಳಿಜಾರಿನಲ್ಲಿ ಜಾರುವ ಮರದ ತುಂಡಿನ ಬದಲು ಇಳಿಜಾರಿನಲ್ಲಿ ತುಳಿಯದೆ ಇಳಿಯುವ ಸೈಕಲ್ಲನ್ನು ಕೊಡಿ, ತರಗತಿಯ ಕಣ್ಣು ಹೇಗೆ ತೆರೆಯುತ್ತದೆ ನೋಡಿ.

ಆದರೆ ಇದು ದೂರ ಹೋಗುವವರ ಪುಸ್ತಕ. ಅದರ ಸೈಕಲ್ಲು ನೆಲ ಬಿಡುವುದಿಲ್ಲ. ಸವಾರ ಒಂದು ಎಂಜಿನ್ನು, ಗಾಳಿ ಶತ್ರು, ದಕ್ಷತೆಯೇ ಗುರಿ. ಬಿಎಂಎಕ್ಸ್ ಹುಡುಗನಿಗೆ ಗಾಳಿಯ ಎಳೆತದ ಗೊಡವೆಯೇ ಇಲ್ಲ. ಅವನ ಶತ್ರು ನೆಲ.

ಬಿಎಂಎಕ್ಸ್ ಹುಟ್ಟಿದ್ದೂ ಹಾಗೆಯೇ. ಅಮೆರಿಕದಲ್ಲಿ ಷ್ವಿನ್ ಕಂಪನಿ 1963ರಲ್ಲಿ ತಂದ 'ಸ್ಟಿಂಗ್-ರೇ' ಮಕ್ಕಳ ಸೈಕಲ್ಲನ್ನು ಕ್ಯಾಲಿಫೋರ್ನಿಯಾದ ಹುಡುಗರು ಮೋಟಾರ್‌ಸೈಕಲ್ ರೇಸಿನ ಅನುಕರಣೆಯಲ್ಲಿ ಮಣ್ಣುದಿಬ್ಬಗಳ ಮೇಲೆ ಓಡಿಸತೊಡಗಿದರು. 1971ರ 'ಆನ್ ಎನಿ ಸಂಡೇ' ಚಿತ್ರದ ಆರಂಭದಲ್ಲೇ ಅಂಥ ಹುಡುಗರಿದ್ದಾರೆ. ರಸ್ತೆಗೆಂದು ಮಾಡಿದ ಚೌಕಟ್ಟು, ಫೋರ್ಕುಗಳು ಮಣ್ಣಿನಲ್ಲಿ ಮುರಿಯತೊಡಗಿದವು. ಹಾಗಾಗಿ ಗಟ್ಟಿಯಾದುದನ್ನು ಕೈಯಲ್ಲೇ ಮಾಡುವ ಚಿಕ್ಕ ವರ್ಕ್‌ಷಾಪುಗಳು ಹುಟ್ಟಿಕೊಂಡವು. 1974ರಲ್ಲಿ ರೆಡ್‌ಲೈನ್‌ನ ಲಿನ್ ಕಾಸ್ಟನ್ ಕ್ರೋಮ್-ಮೋಲಿ ಕೊಳವೆಯ ಫೋರ್ಕು ಮಾಡಿದರು. ಅಂದರೆ ಈ ಸೈಕಲ್ಲಿನ ವಿನ್ಯಾಸ ಬೆಳೆದದ್ದು ಸೂತ್ರದಿಂದಲ್ಲ, ಬಿರುಕಿನಿಂದ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಬಿಎಂಎಕ್ಸ್ ರೇಸು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಕಸರತ್ತಿನ ಫ್ರೀಸ್ಟೈಲ್ ಸೇರಿದವು. ಇಷ್ಟಾದರೂ ವಿಲ್ಸನ್–ಷ್ಮಿಟ್ ಪುಸ್ತಕದಲ್ಲಿ ಇದಕ್ಕೊಂದು ಅಧ್ಯಾಯವಿಲ್ಲ.

ಈಗ ತ್ರಿಕೋನಕ್ಕೆ ಬರೋಣ. ನಿಮ್ಮ ಸೈಕಲ್ಲನ್ನು ಪಕ್ಕದಿಂದ ನೋಡಿ. ಮೇಲ್ಕೊಳವೆ, ಸೀಟಿನ ಕೊಳವೆ, ಕೆಳಕೊಳವೆ: ಮೂರು ಬಾಹುಗಳು. ಆದರೆ ಮುಂದೆ ಮೇಲ್ಕೊಳವೆಯೂ ಕೆಳಕೊಳವೆಯೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಇಬ್ಬರ ನಡುವೆ ಒಂದು ಚಿಕ್ಕ ನಾಲ್ಕನೆಯ ಬಾಹು ಇದೆ, ಅದೇ ಹೆಡ್ ಟ್ಯೂಬು. ಫೋರ್ಕಿನ ಕಂಬ ಎರಡು ಬೇರಿಂಗುಗಳ ಮೇಲೆ ತಿರುಗಬೇಕಾದ್ದರಿಂದ ಈ ಬಾಹುವಿನ ಉದ್ದ ಸೊನ್ನೆಯಾಗಲಾರದು. ಹಿಂದಿನ ಭಾಗ ನಿಜಕ್ಕೂ ತ್ರಿಕೋನ. ಮುಂದಿನದು ಚತುರ್ಭುಜ. ಅದರ ನಾಲ್ಕು ಮೂಲೆಗಳಿಗೆ ಬೆಸುಗೆಯ ಬದಲು ಗುಂಡುಸೂಜಿ ಚುಚ್ಚಿದ್ದರೆ ಮೊದಲ ಹಾರಿಕೆಯಲ್ಲೇ ಐಸ್‌ಕ್ರೀಂ ಕಡ್ಡಿಯ ಚೌಕದಂತೆ ವಾಲುತ್ತಿತ್ತು. ಅದನ್ನು ಹಿಡಿದಿರುವುದು ಆಕಾರವಲ್ಲ, ಮೂಲೆಗಳ ಗಡಸುತನ. ಮೂಲೆ ಗಡುಸಾಗಿದೆ ಎಂದರೆ ಕೊಳವೆಯ ತುದಿ ಬಾಗಲೇಬೇಕು. ತ್ರಿಕೋನದ ಪಾಠದಲ್ಲಿ ಬಾಗುವಿಕೆಗೆ ಜಾಗವೇ ಇಲ್ಲ.

ಎಷ್ಟು ಬಾಗುತ್ತದೆ? ಒಂದು ಒರಟು ಲೆಕ್ಕ ಮಾಡೋಣ. ಸವಾರ, ಸೈಕಲ್ಲು ಸೇರಿ 70 ಕಿ.ಗ್ರಾಂ. ಒಂದು ಮೀಟರ್ ಎತ್ತರದಿಂದ ಇಳಿಯುತ್ತಾರೆ. ನೆಲ ಮುಟ್ಟಿದ ಮೇಲೆ ಮೊಣಕಾಲು, ಮೊಣಕೈಗಳನ್ನು ಮಡಿಸಿ 30 ಸೆಂ.ಮೀ. ಅಂತರದಲ್ಲಿ ವೇಗವನ್ನು ನುಂಗಿಕೊಂಡರೆ ಸರಾಸರಿ ಬಲ ಸುಮಾರು 3,000 ನ್ಯೂಟನ್. ಮೈ ಸೆಟೆದುಕೊಂಡು 5 ಸೆಂ.ಮೀ.ನಲ್ಲೇ ನಿಂತರೆ ಅದು 14,000 ನ್ಯೂಟನ್ ದಾಟುತ್ತದೆ. ಅಂದರೆ ಸಸ್ಪೆನ್ಷನ್ ಇಲ್ಲದ ಈ ಸೈಕಲ್ಲಿಗೆ ಸವಾರನ ಮೊಣಕಾಲೇ ಸಸ್ಪೆನ್ಷನ್. ಕಲಿಯುವವನ ಚೌಕಟ್ಟು ಪಳಗಿದವನ ಚೌಕಟ್ಟಿಗಿಂತ ಗಟ್ಟಿ ಇರಬೇಕು ಎಂಬ ಮಾತು ಇಲ್ಲಿಂದಲೇ ಹೊರಡುತ್ತದೆ. ಮಾರುಕಟ್ಟೆಯಲ್ಲಿ ಮಾತ್ರ ಅದು ತಿರುವುಮುರುವು.

ಮುಂಚಕ್ರ ಮೊದಲು ಇಳಿದು ಅದರ ಮೇಲೆ 3,000 ನ್ಯೂಟನ್ ಬಿತ್ತೆನ್ನಿ. ಫೋರ್ಕಿನ ಉದ್ದ 315 ಮಿ.ಮೀ., ಮುಂಬಾಗು 32 ಮಿ.ಮೀ., ಹೆಡ್ ಕೋನ 74.5 ಡಿಗ್ರಿ ಇದ್ದರೆ ಮುಂದಿನ ಅಚ್ಚು ಹೆಡ್ ಟ್ಯೂಬಿನ ಕೆಳತುದಿಗಿಂತ ಸುಮಾರು 115 ಮಿ.ಮೀ. ಮುಂದಿರುತ್ತದೆ. ಟಾರ್ಕ್ 345 ನ್ಯೂಟನ್-ಮೀಟರ್. ಅಚ್ಚು ಮುಂದಿರುವುದರಿಂದ ಈ ಟಾರ್ಕ್ ಹೆಡ್ ಟ್ಯೂಬಿನ ಬುಡವನ್ನು ಮುಂದಕ್ಕೆ, ತಲೆಯನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಕೆಳಕೊಳವೆಗೆ ಎಳೆತ, ಮೇಲ್ಕೊಳವೆಗೆ ಒತ್ತು. ಅಷ್ಟೇ ಅಲ್ಲ, ಕೆಳಕೊಳವೆಯ ಮುಂತುದಿ ಮೇಲಕ್ಕೆ ಬಾಗುತ್ತದೆ. ಹಾಗೆ ಬಾಗಿದಾಗ ಅದರ ಅಡಿಭಾಗ ಹಿಗ್ಗುತ್ತದೆ. ಎಳೆತದ ಹಿಗ್ಗು, ಬಾಗುವಿಕೆಯ ಹಿಗ್ಗು ಎರಡೂ ಒಂದೇ ಜಾಗದಲ್ಲಿ ಕೂಡಿಕೊಳ್ಳುತ್ತವೆ. ಹುಡುಗರ ಚೌಕಟ್ಟು ಬಿರಿದದ್ದು ಸರಿಯಾಗಿ ಅಲ್ಲೇ.

ಗೋಡೆಗೋ ಕಲ್ಲಿಗೋ ಎದುರಾಗಿ ಹೊಡೆದರೆ ಎಲ್ಲವೂ ತಿರುವುಮುರುವು. ಬಲ ಹಿಂದಕ್ಕೆ, ತೋಳಿನ ಉದ್ದ ಈಗ ಸುಮಾರು 295 ಮಿ.ಮೀ., ಅಂದರೆ ಅದೇ ಬಲಕ್ಕೆ ಎರಡೂವರೆ ಪಟ್ಟು ಟಾರ್ಕ್. ಕೆಳಕೊಳವೆಯ ಅಡಿಭಾಗಕ್ಕೆ ಒತ್ತು ಬಿದ್ದು ಅಲ್ಲಿ ಸುಕ್ಕು ಮೂಡುತ್ತದೆ. ಹಳೆಯ ಸೈಕಲ್ಲು ಕೊಳ್ಳುವಾಗ ಈ ಜಾಗಕ್ಕೆ ಬೆರಳಾಡಿಸಿ ನೋಡಿ. ಅಲ್ಲಿ ಉಬ್ಬು ಇದ್ದರೆ ಆ ಸೈಕಲ್ಲು ಒಮ್ಮೆ ಯಾವುದಕ್ಕೋ ಗುದ್ದಿದೆ. ಬಿರುಕು ಇದ್ದರೆ ಹಲವು ಬಾರಿ ಹಾರಿದೆ. ಮಾರುವವರು ಹೇಳದ ಕಥೆಯನ್ನು ಕೊಳವೆ ಹೇಳುತ್ತದೆ.

ಈ 345 ನ್ಯೂಟನ್-ಮೀಟರನ್ನು ಹೊರುವ ಬಗೆ ಎರಡು. ಎರಡು ಕೊಳವೆಗಳು ಎಳೆತ-ಒತ್ತುಗಳ ಬಲಯುಗ್ಮವಾಗಿ ಹೊರಬಹುದು. ಇಲ್ಲವೇ ಕೆಳಕೊಳವೆ ಒಂದೇ ಬಾಗಿ ಹೊರಬಹುದು. ಹುಡುಗರು ಚಿತ್ರಗಳಲ್ಲಿ ಕಂಡ ಸೊಗಸಿಗೆ ಮಾರುಹೋಗಿ ಹೆಡ್ ಟ್ಯೂಬಿನ ಮೇಲೆ ಎರಡು ಕೊಳವೆಗಳನ್ನೂ ಹತ್ತಿರ ಹತ್ತಿರ ಕೂರಿಸಿದ್ದರು, ನಡುವಿನ ಅಂತರ ಬರೀ 50 ಮಿ.ಮೀ. ಬಲಯುಗ್ಮದ ಲೆಕ್ಕದಲ್ಲಿ ಪ್ರತಿ ಕೊಳವೆಗೆ 6,900 ನ್ಯೂಟನ್. ಅವರ ಕೊಳವೆಯ ಹೊರವ್ಯಾಸ 25.4 ಮಿ.ಮೀ., ಗೋಡೆಯ ದಪ್ಪ 1.6 ಮಿ.ಮೀ.; ಪೀಡನ, ಅಂದರೆ ಏಕಮಾನ ವಿಸ್ತೀರ್ಣದ ಮೇಲಿನ ಬಲ, 58 ಮೆಗಾಪಾಸ್ಕಲ್. ಏನೇನೂ ಅಲ್ಲ. ಆದರೆ ಪೂರ್ತಿ ಬಾಗುವಿಕೆಯಿಂದಲೇ ಹೊತ್ತರೆ ಸುಮಾರು 500 ಮೆಗಾಪಾಸ್ಕಲ್. ಸಾಮಾನ್ಯ ಮೆದು ಉಕ್ಕು ಸುಮಾರು 250ಕ್ಕೇ ಶಾಶ್ವತವಾಗಿ ಬಾಗುತ್ತದೆ. ನಿಜವಾದ ಬೆಲೆ ಇವೆರಡರ ನಡುವೆ ಎಲ್ಲೋ ಇದೆ. ಎಲ್ಲಿ ಎಂಬುದನ್ನು ನಿರ್ಧರಿಸುವುದು ಹೆಡ್ ಟ್ಯೂಬಿನ ಮೇಲೆ ಕೊಳವೆಗಳ ಅಂತರ, ಕೊಳವೆಗಳ ಗಡಸುತನ, ಮೂಲೆಗಳ ಬೆಸುಗೆ. 'ತ್ರಿಕೋನ' ಎಂಬ ಪದ ಈ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಪುಸ್ತಕದಲ್ಲಿ ವಸ್ತುಗಳು ಮತ್ತು ಪೀಡನಗಳ ಬಗ್ಗೆ ಅಧ್ಯಾಯವಿದೆ. ಉಕ್ಕು, ಅಲ್ಯೂಮಿನಿಯಂ, ಟೈಟೇನಿಯಂಗಳ ಗುಣಗಳನ್ನು ಅದು ಅಚ್ಚುಕಟ್ಟಾಗಿ ಹೋಲಿಸುತ್ತದೆ. ಓದಿದವನಿಗೆ ಲೋಹಗಳ ಬಗ್ಗೆ ತಿಳಿವಳಿಕೆ ಬರುತ್ತದೆ, ನಿಜ. ಆದರೆ ಇದು ಚೌಕಟ್ಟು ಕಟ್ಟುವವನ ಕೈಪಿಡಿಯಲ್ಲ. ಕೊಳವೆಯನ್ನು ಎಲ್ಲಿ ಸೇರಿಸಬೇಕು, ಬೆಸುಗೆಯ ಅಂಚಿನಲ್ಲಿ ಏನಾಗುತ್ತದೆ ಎಂದು ಕೇಳುವವನನ್ನು ಅದು ಬಾಗಿಲಲ್ಲೇ ನಿಲ್ಲಿಸಿಬಿಡುತ್ತದೆ. ಲೋಹದ ತುಂಡು ಒಂದು, ಬೆಸೆದ ಲೋಹ ಮತ್ತೊಂದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ನಮ್ಮ ಹುಡುಗರ ಮುಂದಿನ ನಿರ್ಧಾರ ಈ ಅಧ್ಯಾಯದಿಂದಲೇ ಹುಟ್ಟಿದ್ದು: "ಕ್ರೋಮ್-ಮೋಲಿ ಹಾಕಿದ್ರೆ ಬಿರುಕು ಬರ್ತಿರಲಿಲ್ಲ ಸಾರ್." ಕ್ರೋಮ್-ಮೋಲಿ ಎಂದರೆ 4130 ಎಂಬ ಮಿಶ್ರಲೋಹದ ಉಕ್ಕು. ಇಂಗಾಲ ಸುಮಾರು ಶೇ. 0.3, ಕ್ರೋಮಿಯಂ ಸುಮಾರು ಶೇ. 1, ಮಾಲಿಬ್ಡಿನಂ ಸುಮಾರು ಶೇ. 0.2. ಒಳ್ಳೆಯ ಫ್ರೀಸ್ಟೈಲ್ ಬಿಎಂಎಕ್ಸ್ ಚೌಕಟ್ಟುಗಳು ಬಹುಪಾಲು ಇದರವೇ. ಬಾಗಿ ಕೆಡುವ ಮಿತಿ ಮೆದು ಉಕ್ಕಿಗಿಂತ ಸುಮಾರು ಎರಡು ಪಟ್ಟು. ಆದರೆ ಯಂಗ್ ಗುಣಾಂಕ? ಎರಡಕ್ಕೂ ಹೆಚ್ಚುಕಡಿಮೆ ಒಂದೇ, 200 ಗಿಗಾಪಾಸ್ಕಲ್ ಆಸುಪಾಸು. ಒಂದೇ ಅಳತೆಯ ಎರಡು ಕೊಳವೆಗಳು ಒಂದೇ ಭಾರಕ್ಕೆ ಒಂದೇ ಸಮ ಬಾಗುತ್ತವೆ. ಇನ್ನು ದಣಿವು. ಪದೇ ಪದೇ ಬಿದ್ದು ಏಳುವ ಬಲಕ್ಕೆ ಲೋಹ ದಣಿಯುತ್ತದೆ. ಒಂದೇ ಬಾರಿಗೆ ಮುರಿಯಲಾರದ ಬಲವೂ ಸಾವಿರಾರು ಬಾರಿಗೆ ಮುರಿಯುತ್ತದೆ. ನುಣುಪಾಗಿ ಉಜ್ಜಿದ ಕಂಬಿಗಳಲ್ಲಿ ಗಟ್ಟಿ ಉಕ್ಕು ಹೆಚ್ಚು ಬಾಳುತ್ತದೆ. ಬೆಸುಗೆಯ ಅಂಚಿನಲ್ಲಿ ಹಾಗಲ್ಲ. ಅಲ್ಲಿ ಕಣ್ಣಿಗೆ ಕಾಣದ ಗೀರು, ಕೊರಕಲು ಮೊದಲೇ ಇರುತ್ತವೆ. ಬಿರುಕು ಹುಟ್ಟಬೇಕಾಗಿಲ್ಲ, ಬೆಳೆದರಾಯಿತು. ಬೆಳೆಯುವ ವೇಗ ಎರಡು ಉಕ್ಕುಗಳಲ್ಲೂ ಬಹುಪಾಲು ಒಂದೇ. ಹಾಗಾಗಿ ಬೆಸೆದ ರಚನೆಗಳ ವಿನ್ಯಾಸ ಸಂಹಿತೆಗಳು ಬೆಸುಗೆಯ ದಣಿವಿನ ಆಯಸ್ಸನ್ನು ಲೆಕ್ಕ ಹಾಕುವಾಗ ಉಕ್ಕಿನ ಬಲವನ್ನು ಪರಿಗಣಿಸುವುದೇ ಇಲ್ಲ. ಆಯಸ್ಸು ಪೀಡನದ ಘನಕ್ಕೆ ವಿಲೋಮವಾಗಿರುತ್ತದೆ ಎಂದಷ್ಟೇ ಹಿಡಿಯುತ್ತವೆ. ಪೀಡನ ಇಮ್ಮಡಿಯಾದರೆ ಆಯಸ್ಸು ಎಂಟನೇ ಒಂದು.

ಇದನ್ನು ತಿರುಗಿಸಿ ನೋಡಿ. ಹೆಡ್ ಟ್ಯೂಬಿನ ಮೇಲೆ ಕೊಳವೆಗಳ ಅಂತರವನ್ನು 50ರಿಂದ 75 ಮಿ.ಮೀ.ಗೆ ಏರಿಸಿದರೆ ಬಲಯುಗ್ಮದ ಎಳೆತ ಮೂರನೇ ಎರಡಕ್ಕೆ ಇಳಿಯುತ್ತದೆ. ಅದೊಂದರಿಂದಲೇ ಆಯಸ್ಸು ಮೂರು ಪಟ್ಟಿಗೂ ಮಿಗಿಲು. ದುಡ್ಡು ಖರ್ಚಿಲ್ಲ, ಮಿಶ್ರಲೋಹ ಬೇಕಿಲ್ಲ. ಕೊಳವೆಯ ವ್ಯಾಸವನ್ನೂ ನೋಡಿ. 25.4 ಮಿ.ಮೀ. ಹೊರವ್ಯಾಸ, 1.6 ಮಿ.ಮೀ. ಗೋಡೆಯ ಕೊಳವೆ ಮೀಟರಿಗೆ 940 ಗ್ರಾಂ ತೂಗುತ್ತದೆ. 38.1 ಮಿ.ಮೀ. ಹೊರವ್ಯಾಸ, 0.9 ಮಿ.ಮೀ. ಗೋಡೆಯದು 830 ಗ್ರಾಂ. ಎರಡನೆಯದು ಹಗುರ. ಆದರೂ ಅದೇ ಟಾರ್ಕಿಗೆ ಅದರ ಪೀಡನ ನಾಲ್ಕನೇ ಒಂದರಷ್ಟು ಕಡಿಮೆ, ಗಡಸುತನ ಎರಡು ಪಟ್ಟಿಗೂ ಹೆಚ್ಚು. ತೆಳುಕೊಳವೆಯ ಗಡಸುತನ ತ್ರಿಜ್ಯದ ಘನವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಬಿದಿರು ಟೊಳ್ಳಾಗಿರುವುದು ಏಕೆ ಎಂದು ಕೇಳಿದ ಮಗುವಿಗೆ ಕೊಡಬಹುದಾದ ಉತ್ತರವೂ ಇದೇ. ಲಾಭ ಪೂರ್ತಿ ಕೈಗೆ ಬರುವುದಿಲ್ಲವೆನ್ನಿ: ಗಡುಸಾದ ಕೊಳವೆ ಬಾಗುವಿಕೆಯ ಹೆಚ್ಚು ಪಾಲನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆದರೂ ಹುಡುಗರ ಚೌಕಟ್ಟು ಸೋತದ್ದು ಲೋಹದಲ್ಲಲ್ಲ, ಜ್ಯಾಮಿತಿಯಲ್ಲಿ.

ಹಾಗಾದರೆ ಕ್ರೋಮ್-ಮೋಲಿ ಬೇಡವೇ? ಬೇಕು. ಅಷ್ಟು ತೆಳುಗೋಡೆಯ ಕೊಳವೆ ಒಂದೇ ಕೆಟ್ಟ ಇಳಿತಕ್ಕೆ ನುಗ್ಗಾಗದಿರಲು ಅದರ ಬಲ ಬೇಕು. ದಣಿವಿಗೆ ಅದು ಮದ್ದಲ್ಲ ಎಂದಷ್ಟೇ ನನ್ನ ವಾದ. ಜೊತೆಗೆ ಅದು ತನ್ನದೇ ಅಪಾಯವನ್ನು ತರುತ್ತದೆ. ಗ್ರಿಲ್ಲಿನ ಷೆಡ್ಡುಗಳಲ್ಲಿ ಬೆಸೆದ ಕೂಡಲೇ ಬಿಸಿ ಮೂಲೆಯನ್ನು ನೀರಿನ ಬಕೆಟ್ಟಿಗೆ ಅದ್ದುವುದನ್ನು ನೀವು ಕಂಡಿರಬಹುದು. ಇಂಗಾಲ ಕಡಿಮೆ ಇರುವ ಮೆದು ಉಕ್ಕು ಅದನ್ನು ಸಹಿಸಿಕೊಳ್ಳುತ್ತದೆ. 4130 ಸಹಿಸುವುದಿಲ್ಲ. ಹಠಾತ್ತನೆ ತಣಿದಾಗ ಅದರ ಹರಳುಗಳು ಮಾರ್ಟೆನ್ಸೈಟ್ ಎಂಬ ಗಡುಸಾದ, ಪೆಡಸು ರೂಪ ತಾಳುತ್ತವೆ. ಮೂಲೆ ಗಾಜಿನ ಸ್ವಭಾವಕ್ಕೆ ಹತ್ತಿರವಾಗುತ್ತದೆ. ಅರ ಹಾಕಿ ನೋಡಿದರೆ ಕಚ್ಚದೆ ಜಾರುವುದೇ ಗುರುತು. ತೆಳುಗೋಡೆಯ ಕೊಳವೆಯನ್ನು ಆರ್ಗಾನ್ ವೆಲ್ಡಿಂಗ್‌ನಲ್ಲಿ ಬೆಸೆದು, ಗಾಳಿ ಬೀಸದ ಕಡೆ ತಾನಾಗಿ ಆರಲು ಬಿಟ್ಟರೆ ಸಾಕು. ನಮ್ಮ ಸುತ್ತಿನಲ್ಲೇ, ಪೀಣ್ಯದಲ್ಲಿ, ತೆಳು ಸ್ಟೇನ್‌ಲೆಸ್ ಕೊಳವೆಗಳನ್ನು ಬೆಸೆಯುವ ಬಹಳ ಒಳ್ಳೆಯ ಕೈಗಳಿವೆ. ಅವರಿಗೆ ಬೆಸುಗೆ ಗೊತ್ತು, ನಮ್ಮ ವಿದ್ಯಾರ್ಥಿಗಳಿಗೆ ಲೋಹಶಾಸ್ತ್ರದ ಹಾಳೆ ಗೊತ್ತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. 'ಬೈಸಿಕ್ಲಿಂಗ್ ಸೈನ್ಸ್' ಕೂಡ ಹಾಳೆಯ ಕಡೆಯೇ ಕುಳಿತಿದೆ.

ಬಿರುಕಿನ ಮೇಲೆ ಮತ್ತೆ ಬೆಸೆಯುವುದರ ಬಗ್ಗೆಯೂ ಒಂದು ಮಾತು. ಬಿರುಕು ಕಂಡಷ್ಟೇ ಇರುವುದಿಲ್ಲ, ಕಾಣುವ ತುದಿಯಾಚೆಗೂ ಹೋಗಿರುತ್ತದೆ. ಮೇಲೆ ಹರಡಿದ ಲೋಹ ಅದನ್ನು ಮುಚ್ಚುತ್ತದೆ, ಅಳಿಸುವುದಿಲ್ಲ. ಕೆಳಗೊಂದು ತಗಡಿನ ಗಸೆಟ್ ಬೆಸೆದರೆ ಮೂಲೆ ಗಟ್ಟಿಯಾಗುತ್ತದೆ. ಆದರೆ ಗಸೆಟ್ ಮುಗಿಯುವಲ್ಲಿ ಗಡಸುತನ ಥಟ್ಟನೆ ಬದಲಾಗುವುದರಿಂದ ಮುಂದಿನ ಬಿರುಕು ಆ ತುದಿಯಲ್ಲಿ ಶುರುವಾಗುತ್ತದೆ. ಗಸೆಟ್ ಹಾಕುವುದಾದರೆ ಅದರ ತುದಿಯನ್ನು ಕ್ರಮೇಣ ಕಿರಿದಾಗಿಸಿ, ಕೊಳವೆಗೆ ಅಡ್ಡಲಾಗಿ ಬೆಸುಗೆ ಬೀಳದಂತೆ ನೋಡಿಕೊಳ್ಳಬೇಕು.

ಪುಸ್ತಕ ನಿಜವಾಗಿ ಮಿಂಚುವುದು ಚಾಲನೆ ಮತ್ತು ಸಮತೋಲದ ಅಧ್ಯಾಯದಲ್ಲಿ. ಇಲ್ಲಿ ತಲೆತಗ್ಗಿಸಬೇಕಾದ ಸರದಿ ಮತ್ತೆ ನನ್ನದು. ಓಡುವ ಸೈಕಲ್ಲು ಬೀಳದಿರುವುದು ಚಕ್ರಗಳ ಗೈರೋಸ್ಕೋಪ್ ಪರಿಣಾಮದಿಂದ ಎಂದು ಎಷ್ಟು ಬಾರಿ ಬೋರ್ಡಿನ ಮೇಲೆ ಬರೆದಿದ್ದೇನೋ! ಬ್ರಿಟಿಷ್ ರಸಾಯನ ವಿಜ್ಞಾನಿ ಡೇವಿಡ್ ಜೋನ್ಸ್ 1970ರಲ್ಲಿ 'ಫಿಸಿಕ್ಸ್ ಟುಡೇ' ಪತ್ರಿಕೆಯಲ್ಲಿ ಬರೆದ ಲೇಖನ ಇದನ್ನು ಪರೀಕ್ಷಿಸಿತ್ತು. ಓಡಿಸಲಾಗದ ಸೈಕಲ್ಲು ಮಾಡಬೇಕೆಂದು ಹೊರಟ ಅವರು ಮುಂಚಕ್ರದ ಪಕ್ಕದಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ ಇನ್ನೊಂದು ಚಕ್ರ ಕೂರಿಸಿ ಗೈರೋಸ್ಕೋಪ್ ಪರಿಣಾಮವನ್ನು ಹೊಡೆದುಹಾಕಿದರು. ಸೈಕಲ್ಲು ಸಲೀಸಾಗಿ ಓಡಿತು! ಓಡಿಸಲು ಕಷ್ಟವಾದದ್ದು ಫೋರ್ಕಿನ ಜ್ಯಾಮಿತಿ ಕೆಡಿಸಿದಾಗ. 2007ರಲ್ಲಿ ಮೆಯಾರ್ಡ್, ಪಾಪಡಾಪುಲಸ್, ರುಯಿನಾ, ಶ್ವಾಬ್ ಸೈಕಲ್ಲಿನ ಸಮತೋಲದ ಸಮೀಕರಣಗಳನ್ನು ಹಳೆಯ ತಪ್ಪುಗಳಿಂದ ಬಿಡಿಸಿ ಪ್ರಕಟಿಸಿದರು. 2011ರಲ್ಲಿ ಇದೇ ಬಳಗ 'ಸೈನ್ಸ್' ಪತ್ರಿಕೆಯಲ್ಲಿ ಇನ್ನೂ ಮುಂದೆ ಹೋಯಿತು: ಗೈರೋಸ್ಕೋಪ್ ಪರಿಣಾಮವೂ ಇಲ್ಲದ, ಟ್ರೇಲ್ ಸಹ ಅತ್ಯಲ್ಪ ಋಣಾತ್ಮಕವಾಗಿದ್ದ ಸೈಕಲ್ಲೊಂದು ಸವಾರನಿಲ್ಲದೆ ತಾನಾಗಿ ನೆಟ್ಟಗೆ ಓಡಿತು. ಯಾವುದೇ ಒಂದು ಕಾರಣವನ್ನು ತೋರಿಸಿ 'ಇದರಿಂದಲೇ' ಎನ್ನುವಂತಿಲ್ಲ. ವಾಲಿದ ಕಡೆಗೇ ಹ್ಯಾಂಡಲ್ಲು ತಿರುಗಬೇಕು. ಅದು ತಿರುಗಲು ಹಲವು ದಾರಿಗಳಿವೆ.

ಟ್ರೇಲ್ ಎಂದರೆ ಹ್ಯಾಂಡಲ್ಲಿನ ಅಕ್ಷರೇಖೆ ನೆಲ ಮುಟ್ಟುವ ಬಿಂದುವಿಗಿಂತ ಟೈರು ನೆಲ ಮುಟ್ಟುವ ಬಿಂದು ಎಷ್ಟು ಹಿಂದಿದೆ ಎಂಬ ಅಳತೆ. ಚಕ್ರದ ತ್ರಿಜ್ಯವನ್ನು ಹೆಡ್ ಕೋನದ ಕೊಸೈನ್‌ನಿಂದ ಗುಣಿಸಿ, ಫೋರ್ಕಿನ ಮುಂಬಾಗನ್ನು ಕಳೆದು, ಆ ಕೋನದ ಸೈನ್‌ನಿಂದ ಭಾಗಿಸಿ. ತ್ರಿಜ್ಯ 253, ಮುಂಬಾಗು 32 ಮಿ.ಮೀ., ಕೋನ 74.5 ಡಿಗ್ರಿಗೆ ಟ್ರೇಲ್ 37 ಮಿ.ಮೀ. ಕೋನ 75.5 ಆದರೆ 32 ಮಿ.ಮೀ.ಗೆ ಇಳಿಯುತ್ತದೆ. ಒಂದು ಡಿಗ್ರಿಯ ತಪ್ಪಿಗೆ ಟ್ರೇಲಿನ ಎಂಟನೇ ಒಂದು ಭಾಗ ಮಾಯ. ಬೆಸುಗೆ ಆರುವಾಗ ಕುಗ್ಗಿ ಕೊಳವೆಯನ್ನು ಒಂದು ಡಿಗ್ರಿ ಎಳೆಯುವುದು ದೊಡ್ಡ ಮಾತೇನಲ್ಲ. ಅದಕ್ಕೇ ಕುಶಲಿಗಳು ಮೊದಲು ಎಲ್ಲ ಮೂಲೆಗಳಿಗೂ ಚುಕ್ಕೆ ಬೆಸುಗೆ ಹಾಕಿ, ಅಳೆದು, ಎದುರು ಬದುರು ಬದಿಗಳಲ್ಲಿ ತುಂಡು ತುಂಡಾಗಿ ಬೆಸೆಯುತ್ತಾರೆ. ಪುಸ್ತಕ ಸಮೀಕರಣ ಕೊಡುತ್ತದೆ. ಕೋನ ಹೇಗೆ ತಪ್ಪುತ್ತದೆ ಎಂಬುದನ್ನು ಷೆಡ್ಡಿನಲ್ಲಿ ಕಲಿಯಬೇಕು.

ಈ ಓದಿನ ನಡುವೆ ನನಗೆ ಇನ್ನೊಂದು ಹಳೆಯ ಪುಸ್ತಕ ಒದಗಿತು. ಆರ್ಚಿಬಾಲ್ಡ್ ಶಾರ್ಪ್ ಅವರ 'ಬೈಸಿಕಲ್ಸ್ ಅಂಡ್ ಟ್ರೈಸಿಕಲ್ಸ್', 1896ರದು. ಎಂಐಟಿ ಪ್ರೆಸ್ ಇದನ್ನು 1977ರಲ್ಲಿ ಮರುಮುದ್ರಿಸಿತ್ತು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಈಗ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಶಾರ್ಪ್ ಲಂಡನ್ನಿನಲ್ಲಿ ಇಂಜಿನಿಯರಿಂಗ್ ವಿನ್ಯಾಸ ಕಲಿಸುತ್ತಿದ್ದವರು. ಮೊದಲು ಯಂತ್ರಶಾಸ್ತ್ರದ ಮೂಲ ತತ್ತ್ವಗಳು, ಆಮೇಲೆ ಸೈಕಲ್ಲು, ಆಮೇಲೆ ಅದರ ಒಂದೊಂದು ಭಾಗ. ಮೇಷ್ಟ್ರು ಬರೆದ ಪುಸ್ತಕ ಎಂದು ಪುಟ ಪುಟದಲ್ಲೂ ಗೊತ್ತಾಗುತ್ತದೆ. ಪಿ.ಯು.ಸಿ. ಗಣಿತ ಗೊತ್ತಿದ್ದವರಿಗೆ ಸಾಕು. ಆರ್ಗಾನ್ ವೆಲ್ಡಿಂಗ್, ಬಿಎಂಎಕ್ಸ್ ಎರಡೂ ಆಗ ಇರಲಿಲ್ಲ ನಿಜ. ಆದರೆ ಚೌಕಟ್ಟನ್ನು ಬಲಗಳು ಹರಿಯುವ ದಾರಿಯಾಗಿ ನೋಡುವುದನ್ನು 2020ರ ಪುಸ್ತಕಕ್ಕಿಂತ 1896ರ ಪುಸ್ತಕ ಚೆನ್ನಾಗಿ ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾಲೇಜಿನ ಗ್ರಂಥಾಲಯದಲ್ಲಿ ಎರಡಕ್ಕೂ ಜಾಗವಿರಲಿ. ಒಂದನ್ನೇ ಕೊಳ್ಳುವುದಾದರೆ ವಿಲ್ಸನ್–ಷ್ಮಿಟ್ ಕೊಳ್ಳಿ, ಶಾರ್ಪ್ ಹೇಗೂ ಪುಕ್ಕಟೆ.

ಇಬ್ಬರಲ್ಲಿ ಯಾರೂ ಹೇಳದ ಒಂದು ವಿಷಯ ನಮ್ಮ ಶಿಕ್ಷಕರಿಗೆ ಉಪಯೋಗವಾಗಬಹುದು. ಸೈಕಲ್ಲುಗಳ ಅಂತರರಾಷ್ಟ್ರೀಯ ಮಾನಕ ಐಎಸ್ಒ 4210ರಲ್ಲಿ ಚೌಕಟ್ಟಿನ ಮೇಲೆ ತುಳಿತದ ಬಲವನ್ನು 1,00,000 ಬಾರಿ ಹಾಕುವ ದಣಿವಿನ ಪರೀಕ್ಷೆಯಿದೆ, 22.5 ಕಿ.ಗ್ರಾಂ ತೂಕವನ್ನು ಮುಂಭಾಗದ ಮೇಲೆ ಬೀಳಿಸುವ ಪರೀಕ್ಷೆಯೂ ಇದೆ. ಯೂರೋಪಿನಲ್ಲಿ ಬಿಎಂಎಕ್ಸ್‌ಗೆಂದೇ ಇಎನ್ 16054 ಎಂಬ ಪ್ರತ್ಯೇಕ ಮಾನಕವಿದೆ. ಲಕ್ಷ ಬಾರಿ ತುಳಿಯುವ ಯಂತ್ರ ನಮ್ಮಲ್ಲಿಲ್ಲ. ಆದರೆ ಮರಳಿನ ಚೀಲ, ರಾಟೆ, ಅಳತೆಪಟ್ಟಿ ಯಾವ ಕಾಲೇಜಿನಲ್ಲಿಲ್ಲ? ಚೌಕಟ್ಟನ್ನು ಹಿಂದಿನ ಅಚ್ಚಿನಲ್ಲಿ ಕಟ್ಟಿ ನಿಲ್ಲಿಸಿ, ಮುಂದಿನ ಅಚ್ಚಿನ ಮೇಲೆ ಚೀಲ ಬೀಳಿಸಿ, ಪ್ರತಿ ಬಾರಿಯೂ ಎರಡು ಅಚ್ಚುಗಳ ಅಂತರ ಎಷ್ಟು ಕುಗ್ಗಿತೆಂದು ಅಳೆಯಬಹುದು. ಅದಕ್ಕೂ ಸುಲಭವಾದುದು ದಾರದ ಪರೀಕ್ಷೆ. ಹಿಂಚಕ್ರ ಕೂರುವ ಒಂದು ಕಿವಿಯಿಂದ ದಾರ ಹೊರಡಿಸಿ, ಹೆಡ್ ಟ್ಯೂಬನ್ನು ಸುತ್ತಿ, ಇನ್ನೊಂದು ಕಿವಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ದೂರ ಒಂದೇ ಇರಬೇಕು. ಇಲ್ಲದಿದ್ದರೆ ಚೌಕಟ್ಟು ಸೊಟ್ಟ. ಹುಡುಗರ ಮೊದಲ ಚೌಕಟ್ಟಿನಲ್ಲಿ ವ್ಯತ್ಯಾಸ 6 ಮಿ.ಮೀ. ಇತ್ತು. ಅದನ್ನು ಅವರು ನಾಲ್ಕು ತಿಂಗಳು ಓಡಿಸಿದ್ದರು!

ಆ ಚೌಕಟ್ಟನ್ನು ಬಿರುಕಿನ ಬಳಿ ಗರಗಸದಿಂದ ಕೊಯ್ದು ಬಿಡಿಸಿ ನೋಡಿದೆವು. ಕೊಳವೆಯ ಸುತ್ತಳತೆಯ ಕಾಲುಭಾಗ ಕಂದಗೆ, ಹಳೆಯದಾಗಿತ್ತು. ಕೈಯಲ್ಲಿ ಬಗ್ಗಿಸಿ ಮುರಿದ ಉಳಿದ ಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಹೊರಗೆ ಕಂಡ ಬಿರುಕು ಅದರ ಅರ್ಧದಷ್ಟೂ ಇರಲಿಲ್ಲ. ಶನಿವಾರದ ಮಾತೆತ್ತಿದ್ದ ಹುಡುಗ ಆ ತುಂಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದ, ಏನೂ ಹೇಳಲಿಲ್ಲ. ಈಗ ಅದು ನನ್ನ ಪ್ರಯೋಗಾಲಯದ ಮೇಜಿನ ಮೇಲಿದೆ, ಐಸ್‌ಕ್ರೀಂ ಕಡ್ಡಿಗಳ ಪಕ್ಕದಲ್ಲಿ.

ಎರಡನೆಯ ಚೌಕಟ್ಟಿನ ಕೊಳವೆಗಳನ್ನು ಕೊಯ್ದಾಗಿದೆ. ಕೆಳಕೊಳವೆ 38.1 ಮಿ.ಮೀ., ಹೆಡ್ ಟ್ಯೂಬಿನ ಮೇಲೆ ಅಂತರ 75 ಮಿ.ಮೀ. ಕೊಳವೆಯ ತುದಿಗೆ ಮೀನಿನ ಬಾಯಿಯ ಆಕಾರ ಕೊಡಲು ಕಾಗದದ ಅಚ್ಚನ್ನು ಅವರೇ ಲೆಕ್ಕ ಹಾಕಿ ಬರೆದಿದ್ದಾರೆ, ಅದರಲ್ಲಿ ನನ್ನ ಕೈವಾಡವಿಲ್ಲ. ಬೆಸುಗೆ ಬರುವ ಭಾನುವಾರ. ನೀರಿನ ಬಕೆಟ್ಟನ್ನು ಹಿಂದಿನ ರಾತ್ರಿಯೇ ಹೊರಗಿಡಬೇಕೆಂದು ಷೆಡ್ಡಿನವರಿಗೆ ಹೇಳಿ ಬಂದಿದ್ದೇನೆ.